ಮಾರ್ಚ್–ಮೇ ಸೆಖೆಯಲ್ಲಿ ನಮ್ಮ ಕಡಲಬದಿಯ ಪ್ರಾಣಿಪಕ್ಷಿಗಳು ಹೇಗೆ ಬದುಕುತ್ತವೆ?

ಹೊಯ್ಗೆಕಾಲು
ಊರು ಕುಂದಾಪುರದ ಹತ್ತಿರ, ಕೆಲಸ ಬೆಂಗಳೂರಲ್ಲಿ. ರಜೆಗೆ ಬಂದಾಗಲೆಲ್ಲ ಮನಸ್ಸಿಗೆ ಬರುವ ಪ್ರಶ್ನೆ ಇದು. ಏಪ್ರಿಲ್ ಮಧ್ಯಾಹ್ನ ಎರಡು ಗಂಟೆಗೆ ಕೋಡಿ ಕಡೆ ಕಿನಾರೆಗೆ ಇಳಿದರೆ ಚಪ್ಪಲಿ ಇಲ್ಲದೆ ನಾಲ್ಕು ಹೆಜ್ಜೆ ಇಡಲಿಕ್ಕಾಗುವುದಿಲ್ಲ. ಒಂದೇ ಒಂದು ಏಡಿ ಕಾಣುವುದಿಲ್ಲ. ಬೆಳಿಗ್ಗೆ ಅದೇ ಜಾಗದಲ್ಲಿ ನೋಡಿದರೆ ಹೆಜ್ಜೆಗೊಂದು ಬಿಲ, ಬಿಲದ ಬಾಯಲ್ಲಿ ಹೊಸ ಮರಳಿನ ರಾಶಿ. ಬಂಡೆ ಮೇಲಿನ ಬಸವನಹುಳುಗಳಂತೂ ಎಲ್ಲಿಗೂ ಓಡಿಹೋಗುವುದಿಲ್ಲ, ಬಿಸಿಲಲ್ಲೇ ಇರುತ್ತವೆ. ಬೆಳ್ಳಕ್ಕಿಗಳು ಬಾಯಿ ಕಳೆದು ನಿಂತಿರುತ್ತವೆ.

ಮನೆ ಅಂಗಳದಲ್ಲಾದರೆ ಹಕ್ಕಿಗೆ ಮಡಕೆಯಲ್ಲಿ ನೀರಿಡುತ್ತೇವೆ. ಕಡಲಬದಿಯಲ್ಲಿ ಎಲ್ಲ ಕಡೆ ನೀರೇ, ಆದರೆ ಉಪ್ಪು. ಇವೆಲ್ಲ ಏನು ಕುಡಿಯುತ್ತವೆ, ಎಲ್ಲಿ ಅಡಗುತ್ತವೆ? ಗೊತ್ತಿದ್ದವರು ಹೇಳಿ.

ಬಯಲುಸೀಮೆ ಬಿಸಿಲು
ನಮ್ಮ ವಿಜಯಪುರದಾಗ 42 ಮುಟ್ಟೇತ್ರಿ. ನೀವು 35ಕ್ಕ ಇಷ್ಟ್ ಒದ್ದಾಡತೀರಿ ಅಂದ್ರ ನಮ್ಮ ಗುಬ್ಬಿ ಕಾಗಿ ಏನ್ ಅನ್ನಬೇಕು? ಸಮುದ್ರದ ಗಾಳಿ ಬ್ಯಾರೆ ಐತಿ ನಿಮಗ.

ನಿವೃತ್ತ ಜೀವಶಾಸ್ತ್ರ
ಬಯಲುಸೀಮೆಯವರು ತಮಾಷೆಗೆ ಕೇಳಿದರೂ ಪ್ರಶ್ನೆಯ ಬುಡ ಅಲ್ಲೇ ಇದೆ. ಥರ್ಮಾಮೀಟರಿನ ತುದಿಗೆ ಒದ್ದೆ ಬಟ್ಟೆ ಸುತ್ತಿ ಓದುವ ಲೆಕ್ಕ ಒಂದಿದೆ. ಮೈಯ ನೀರು ಆವಿಯಾಗಿ ಎಷ್ಟು ತಂಪು ಸಿಗಬಹುದು ಎಂಬುದರ ಮಿತಿ ಅದು. ವಿಜಯಪುರದಲ್ಲಿ 42 ಡಿಗ್ರಿ, ಗಾಳಿಯ ತೇವ 20% ಇದ್ದರೆ ಒದ್ದೆ ಬಟ್ಟೆಯ ಲೆಕ್ಕ ಸುಮಾರು 24ಕ್ಕೆ ಇಳಿಯುತ್ತದೆ. ಕುಂದಾಪುರದಲ್ಲಿ 35 ಡಿಗ್ರಿ, ತೇವ 60% ಇದ್ದರೆ ಅದು 28ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಅಂದರೆ ಬಾಯಿ ಕಳೆದು ಏದುಸಿರು ಬಿಟ್ಟು ಮೈ ತಂಪು ಮಾಡಿಕೊಳ್ಳುವ ಪ್ರಾಣಿಗೆ ಕರಾವಳಿಯಲ್ಲಿ ಆ ಉಪಾಯದಿಂದ ಸಿಗುವ ಲಾಭ ಕಡಿಮೆ. ಹವಾಮಾನ ಇಲಾಖೆ ಬಯಲಿನಲ್ಲಿ 40 ಮುಟ್ಟದೆ ಬಿಸಿಗಾಳಿ ಎನ್ನುವುದಿಲ್ಲ. ಕರಾವಳಿಯ ಕೇಂದ್ರಗಳಲ್ಲಿ 37 ಮುಟ್ಟಿ, ವಾಡಿಕೆಗಿಂತ 4.5 ಡಿಗ್ರಿ ಮೇಲಿದ್ದರೆ ಸಾಕು.

ಹಾಗಾಗಿ ಇಲ್ಲಿಯ ಜೀವಿಗಳು ಬೆವರಿಗಿಂತ ಹೆಚ್ಚು ನಂಬಿಕೊಂಡಿರುವುದು ಹೊತ್ತು ಮತ್ತು ಜಾಗವನ್ನು. ಯಾವಾಗ ಹೊರಗೆ ಬರಬೇಕು, ಎಷ್ಟು ಆಳಕ್ಕೆ ಹೋಗಬೇಕು, ಇದಿಷ್ಟೇ ವಿದ್ಯೆ. ಕೋಡಿಯಲ್ಲಿ ಕಾಣುವ ಆ ದೊಡ್ಡ ಕಣ್ಣಿನ ಹೊಯ್ಗೆ ಏಡಿಯನ್ನೇ ತೆಗೆದುಕೊಳ್ಳಿ. ಅದರ ಬಿಲ ಒಂದು ಮೀಟರಿಗೂ ಆಳ ಹೋಗುವುದುಂಟು. ಮೇಲಿನ ಒಣ ಮರಳು ಕಾಲು ಸುಡುವಾಗ ಮೊಣಕೈ ಆಳದಲ್ಲಿ ಮರಳು ತೇವವಾಗಿ ತಣ್ಣಗಿರುತ್ತದೆ. ಬಿಸಿಲೇರುತ್ತಿದ್ದಂತೆ ಏಡಿ ಒಳಗೆ ಹೋಗಿ ಬಾಯಿಗೆ ಮರಳು ಮುಚ್ಚಿಕೊಳ್ಳುತ್ತದೆ. ನೀವು ಮಧ್ಯಾಹ್ನ ಬಿಲವನ್ನೂ ಕಾಣದೇ ಇರಲು ಕಾರಣ ಅದು.

ಇನ್ನು ನೀರು. ಅದು ಕಿವಿರಿನಿಂದ ಉಸಿರಾಡುವ ಪ್ರಾಣಿ, ಕಿವಿರು ಒಣಗಿದರೆ ಸತ್ತಂತೆ. ಆದರೆ ಪ್ರತಿಸಲ ಅಲೆಯವರೆಗೆ ಓಡುವ ಅಗತ್ಯ ಅದಕ್ಕಿಲ್ಲ. ಕಾಲುಗಳ ಬುಡದಲ್ಲಿ ಸಣ್ಣ ರೋಮದ ಗೊಂಚಲುಗಳಿವೆ. ಒದ್ದೆ ಮರಳಿಗೆ ಹೊಟ್ಟೆ ಒತ್ತಿ ಕೂತರೆ ಕಣಗಳ ನಡುವಿನ ನೀರು ಆ ರೋಮದಗುಂಟ ಏರಿ ಕಿವಿರಿನ ಗೂಡಿಗೆ ಹೋಗುತ್ತದೆ.

ಪಣಂಬೂರು ಪಡುಗಾಳಿ
ಮೇಷ್ಟ್ರು ಹೇಳಿದ್ದಕ್ಕೆ ಒಂದು ಸೇರಿಸ್ತೇನೆ. ಹೊರಗಿನವರು ಮೇ ತಿಂಗಳೇ ಕರಾವಳಿಗೆ ಅತಿ ಬಿಸಿ ಅಂತ ಗ್ರಹಿಸ್ತಾರೆ. ನಮಗೆ ಮಂಗಳೂರಲ್ಲಿ ಪಾದರಸ ಹಾರುವುದು ಎಷ್ಟೋ ವರ್ಷ ಫೆಬ್ರವರಿ ಕೊನೆ, ಮಾರ್ಚಿನಲ್ಲಿ. ಮೂಡಣ ದಿಕ್ಕಿನ ಒಣಗಾಳಿ ಘಟ್ಟ ಇಳಿದು ಬರ್ತದೆ, ಕಡಲಗಾಳಿ ಹನ್ನೊಂದಕ್ಕೆ ಶುರುವಾಗ್ಬೇಕಾದ್ದು ಎರಡು ಗಂಟೆಯಾದ್ರೂ ಬರುದಿಲ್ಲ. ಆ ದಿನ ಹಕ್ಕಿಗಳನ್ನು ನೋಡಿದ್ರೆ ಗೊತ್ತಾಗ್ತದೆ. ಗಾಳಿ ತಿರುಗಿದ ಕೂಡ್ಲೆ ಗರುಡ ಮೇಲೇಳ್ತದೆ, ಅಷ್ಟರವರೆಗೆ ತೆಂಗಿನ ಹೆಡೆಯ ನೆರಳಲ್ಲಿ ರೆಕ್ಕೆ ಸ್ವಲ್ಪ ಬಿಡಿಸಿ ಕೂತಿರ್ತದೆ.

ನಿವೃತ್ತ ಜೀವಶಾಸ್ತ್ರ
ಗರುಡನಿಗೆ ಅದರಲ್ಲಿ ಎರಡು ಲಾಭ. ಮೇಲೇರುವ ಒಣಗಾಳಿ ನೂರು ಮೀಟರಿಗೆ ಹೆಚ್ಚುಕಡಿಮೆ ಒಂದು ಡಿಗ್ರಿಯಂತೆ ತಂಪಾಗುತ್ತದೆ. ಐನೂರು ಮೀಟರ್ ಎತ್ತರದಲ್ಲಿ ರೆಕ್ಕೆ ಬಡಿಯದೆ ಸುತ್ತುವುದು ನೆಲದ ಮೇಲೆ ಕೂರುವುದಕ್ಕಿಂತ ಸುಖ. ಮರಿ ಗೂಡಲ್ಲಿರುವಾಗ ಮಾತ್ರ ಆ ಸುಖವಿಲ್ಲ. ಅದರ ಮರಿಗಾಲ ಸುಮಾರು ಡಿಸೆಂಬರಿನಿಂದ ಏಪ್ರಿಲ್. ತಾಯಿ ಬಿಸಿಲಿಗೆ ಬೆನ್ನು ಕೊಟ್ಟು, ಗೂಡಿನ ಮೇಲೆ ನೆರಳು ಬೀಳುವಂತೆ ನಿಂತಿರಬೇಕಾಗುತ್ತದೆ.

ಗಂಗೊಳ್ಳಿ ಬೋಟು
ಹ್ವಾಯ್, ನಂಗೆ ಶಾಸ್ತ್ರ ಎಲ್ಲ ಗೊತ್ತಿಲ್ಲ, ನೀರ್ ಗೊತ್ತಿತ್. ಅಮಾಸಿ ಹುಣ್ಮಿಗೆ ನಮ್ಮಲ್ಲಿ ಭರತ ಬಪ್ಪುದ್ ಮಧ್ಯಾಹ್ನದ್ ಆಚೀಚೆ. ನೀರ್ ಪೂರಾ ಇಳಿಯುದ್ ಬೆಳಿಗ್ಗೆ ಬೇಗ, ಮತ್ತೆ ಸಂಜಿಗೆ. ಹಾಂಗಾಯಿ ಕಲ್ಲಿನ್ ಬುಡದಲ್ಲಿಪ್ಪ ಪಚ್ಚಿಲೆ (ಕಲ್ಲಿಗೆ ಅಂಟುವ ಹಸ್ರ್ ಚಿಪ್ಪಿ) ನಡು ಮಧ್ಯಾಹ್ನ ಒಣಗುದಿಲ್ಲ, ನೀರಡಿಗೇ ಇರತ್. ಅಷ್ಟಮಿ ಹೊತ್ತಿಗೆ ಇಳಿತ ಮಧ್ಯಾಹ್ನ ಬತ್ತ್, ಆದ್ರೆ ಆಗ ನೀರ್ ಹೆಚ್ಚ್ ಇಳೀತಿಲ್ಲ. ಕಡ್ಲ್ ಮಾಡಿದ್ ವ್ಯವಸ್ಥೆ ಅದ್.

ಮೀನಿನ್ ಕಥಿ ಬೇರೆ. ಏಪ್ರಿಲ್ ಮೇ ಅಂದ್ರೆ ಮೇಲಿನ್ ನೀರ್ ಕಾಯ್ದಿರತ್. ಬೈಗೆ, ಬಂಗುಡೆ ಮೇಲ್ ಕಾಂಬುದೇ ಕಮ್ಮಿ, ಆಳಕ್ಕೆ ಹೋತ್ ಅಂತ ನಮ್ಮ್ ಹಿರಿಯರ್ ಹೇಳುದ್. ಮಳಿ ಬಿದ್ದ್ ಕಡ್ಲ್ ತಿರುಗಿದ್ ಮೇಲೇ ಮತ್ತೆ ದಡಕ್ಕೆ ಬಪ್ಪುದ್.

ಹೊಯ್ಗೆಕಾಲು
ಅಣ್ಣ, ಇದು ಬಂಗಾರದಂಥ ಮಾಹಿತಿ. ಭರತ-ಇಳಿತದ ಹೊತ್ತಿಗೂ ಬಿಸಿಲಿಗೂ ಇಂಥ ಸಂಬಂಧ ಇದೆ ಅಂತ ಯೋಚಿಸಿಯೇ ಇರಲಿಲ್ಲ.

ನಿವೃತ್ತ ಜೀವಶಾಸ್ತ್ರ
ಗಂಗೊಳ್ಳಿಯವರ ಮಾತು ಎರಡೂ ಕಡೆ ಸರಿ. ಏಪ್ರಿಲ್-ಮೇ ಹೊತ್ತಿಗೆ ನಮ್ಮ ಎದುರಿನ ಅರಬ್ಬೀ ಸಮುದ್ರದ ಮೇಲ್ಮೈ 30 ಡಿಗ್ರಿ ದಾಟಿರುತ್ತದೆ. ಮುಂಗಾರಿನ ಗಾಳಿ ಹಿಡಿದ ಮೇಲೆ ದಡದ ಹತ್ತಿರ ಆಳದ ತಣ್ಣೀರು ಮೇಲಕ್ಕೆ ಬರುತ್ತದೆ, ಜೊತೆಗೆ ಪೋಷಕಾಂಶವೂ ಬರುತ್ತದೆ. ಬೂತಾಯಿ (ಕುಂದಾಪುರದವರ ಬೈಗೆ) ದಡಕ್ಕೆ ಬರುವುದು ಆ ಮೇವಿನ ಹಿಂದೆ.

ಆದರೆ ಇಳಿತದ ವ್ಯವಸ್ಥೆಯಿಂದ ಎಲ್ಲರಿಗೂ ಸುಖವಿಲ್ಲ ಎಂಬುದನ್ನು ಗಮನಿಸಿ. ಅಷ್ಟಮಿಯ ಆಸುಪಾಸಿನ ದಿನಗಳಲ್ಲಿ ನೀರು ಹೆಚ್ಚು ಇಳಿಯುವುದಿಲ್ಲ, ಹೆಚ್ಚು ಏರುವುದೂ ಇಲ್ಲ. ಬಂಡೆಯ ತೀರಾ ಮೇಲ್ಭಾಗದಲ್ಲಿರುವವಕ್ಕೆ ಒಂದು ಹನಿ ಅಲೆಯೂ ತಾಗದೆ ಹಲವು ದಿನ ಹೋಗುತ್ತದೆ. ಸೆಖೆಯ ನಿಜವಾದ ಪರೀಕ್ಷೆ ನಡೆಯುವುದು ಅಲ್ಲಿ.

ಮಲ್ಪೆ ಕ್ಯಾಮೆರಾ
ಆ ಮೇಲ್ಭಾಗದವರ ಫೋಟೋ ನನ್ನ ಹತ್ತಿರ ರಾಶಿ ಉಂಟು. ಸೇಂಟ್ ಮೇರೀಸ್ ದ್ವೀಪದ ಕಂಬದ ಕಲ್ಲುಗಳು, ಅದೇ ಸುಮಾರು 8.8 ಕೋಟಿ ವರ್ಷದ ಹಿಂದೆ ಮಡಗಾಸ್ಕರ್ ನಮ್ಮಿಂದ ಬಿಟ್ಟುಹೋಗುವ ಕಾಲದ ಲಾವಾ. ಕಪ್ಪು ಕಲ್ಲು, ಮಧ್ಯಾಹ್ನ ಕೈ ಇಡ್ಲಿಕ್ಕಾಗುದಿಲ್ಲ. ಅದರ ಸೀಳುಗಳಲ್ಲಿ ಕಡಲೆಕಾಳಿನಷ್ಟು ದಪ್ಪದ ಬಸವನಹುಳುಗಳು ಸಾಲಾಗಿ ಅಂಟಿಕೊಂಡಿರ್ತವೆ. ಝೂಮ್ ಹಾಕಿ ನೋಡಿದ್ರೆ ಕಾಲು ಕಾಣುದೇ ಇಲ್ಲ, ಚಿಪ್ಪಿನ ಅಂಚು ಮಾತ್ರ ಕಲ್ಲಿಗೆ ತಾಗಿರ್ತದೆ. ಸತ್ತಿದೆ ಅಂತ ಅಂದುಕೊಂಡ್ರೆ ಸಂಜೆ ಅಲೆ ಹಾರಿದ ಮೇಲೆ ನಡೀತಾ ಇರ್ತದೆ. ಮೇಷ್ಟ್ರೇ, ಬೀಳದೆ ನಿಲ್ಲುವುದು ಹೇಗೆ?

ನಿವೃತ್ತ ಜೀವಶಾಸ್ತ್ರ
ಅಂಟಿನಿಂದ. ಕಲ್ಲು ಕಾಯಲು ಶುರುವಾದಾಗ ಹುಳು ಚಿಪ್ಪಿನ ಅಂಚಿನಲ್ಲಿ ಸ್ವಲ್ಪ ಲೋಳೆ ಬಿಡುತ್ತದೆ, ಅದು ಒಣಗಿ ಗಟ್ಟಿಯಾಗುತ್ತದೆ. ಆಮೇಲೆ ಕಾಲನ್ನು ಪೂರ್ತಿ ಒಳಗೆಳೆದುಕೊಂಡು ಬಾಗಿಲು ಹಾಕಿಕೊಳ್ಳುತ್ತದೆ. ಕಾಲು ಇಟ್ಟರೆ ಕಲ್ಲಿನ ಶಾಖ ನೇರ ಮೈಗೆ ಹತ್ತುತ್ತದೆ. ಅಂಚು ಮಾತ್ರ ತಾಗಿದ್ದರೆ ನಡುವೆ ಗಾಳಿ ಆಡುತ್ತದೆ. ಒಳಗಿನ ನೀರೂ ಉಳಿಯುತ್ತದೆ. ಉಸಿರು, ಜೀರ್ಣ ಎಲ್ಲವೂ ಬಹಳ ನಿಧಾನಕ್ಕೆ ಇಳಿದುಬಿಡುತ್ತವೆ.

ಇನ್ನೂ ಸ್ವಾರಸ್ಯದ್ದು: ಇದೇ ಬಳಗದ ಹುಳುಗಳು ಹಾಂಗ್‌ಕಾಂಗ್‌ನ ಬಂಡೆಗಳಲ್ಲಿ ಒಂದರ ಬೆನ್ನ ಮೇಲೆ ಇನ್ನೊಂದು ಏರಿ ಗೋಪುರ ಕಟ್ಟುವುದನ್ನು ಸಂಶೋಧಕರು ಅಳತೆ ಮಾಡಿ ನೋಡಿದ್ದಾರೆ. ಮೇಲಿನ ಹುಳು ಕಲ್ಲಿನಿಂದ ದೂರವಾಗಿ ತಂಪಾಗಿರುತ್ತದೆ. ಕೆಳಗಿನದಕ್ಕೆ ಆ ಲಾಭವಿಲ್ಲ. ಮಲ್ಪೆಯವರೇ, ನಿಮ್ಮ ರಾಶಿ ಫೋಟೋಗಳಲ್ಲಿ ಗೋಪುರ ಇದೆಯೇ ಹುಡುಕಿ ನೋಡಿ. ಸಿಕ್ಕರೆ ದಿನಾಂಕ, ಹೊತ್ತು ಸಮೇತ ಹಾಕಿ.

ಮಲ್ಪೆ ಕ್ಯಾಮೆರಾ
ಎರಡು ಹುಳು ಒಂದರ ಮೇಲೊಂದು ಇದ್ದದ್ದು ಒಂದೆರಡು ಕಡೆ ಉಂಟು. ನಾನು ಅದು ಜೋಡಿ ಅಂತ ಗ್ರಹಿಸಿದ್ದೆ, ಇರ್ಲೂಬಹುದು. ರಾತ್ರಿ ನೋಡಿ ಹಾಕ್ತೇನೆ.

ತದಡಿ ಹೊಳೆಬದಿ
ಎಲ್ಲರೂ ಮರಳು, ಬಂಡೆ ಹೇಳಿದ್ರು. ಹೊಳೆಬಾಯಿ ಬಿಟ್ಟೇಹೋಯ್ತು. ನಮ್ಮ ಮನೆ ಅಘನಾಶಿನಿ ಅಳಿವೆಯ ಬದಿಗೆ. ಇಳಿತದಲ್ಲಿ ಕೆಸರು ತೆರೆದುಕೊಂಡಾಗ ಅಲ್ಲಿರುವಷ್ಟು ಜೀವ ಮರಳಲ್ಲಿ ಖಂಡಿತ ಇಲ್ಲ. 2024ರಲ್ಲಿ ಜಗತ್ತಿನ ಮುಖ್ಯ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ್ದು ಸುಮ್ಮನೆ ಅಲ್ಲ.

ಒಂದು ದೊಡ್ಡ ಕೊಂಬು (ಇಕ್ಕಳದಂಥ ಮುಂಗಾಲು) ಇರುವ ಏಡಿ ನೋಡಿರ್ತೀರಿ, ಗಂಡು ಏಡಿ ಕೊಂಬು ಬೀಸಿ ಹೆಣ್ಣನ್ನು ಕರೆಯುತ್ತೆ. ಸುಡುಬಿಸಿಲಲ್ಲೂ ಹೊರಗಿರ್ತಾವೆ. ಸ್ವಲ್ಪ ಹೊತ್ತು ಬೀಸೋದು, ಬಿಲಕ್ಕೆ ಇಳಿಯೋದು, ಮೈ ಒದ್ದೆ ಮಾಡಿಕೊಂಡು ಮತ್ತೆ ಬರೋದು. ಆಮೇಲೆ ಕೆಸರಲ್ಲಿ ಕುಪ್ಪಳಿಸುವ ಮೀನು, ಮಡ್‌ಸ್ಕಿಪ್ಪರ್. ಅದು ಹೊರಗಿದ್ದಾಗ ಚರ್ಮದಿಂದ, ಬಾಯಿಯ ಒಳಪದರದಿಂದ ಉಸಿರಾಡ್ತದೆ, ಎರಡೂ ಒದ್ದೆ ಇರಬೇಕು. ಅದಕ್ಕೇ ನಡುನಡುವೆ ಮಗುಚಿ ಕೆಸರುನೀರಲ್ಲಿ ಹೊರಳುತ್ತೆ.

ಬೆಳಚು (ಕೆಸರಲ್ಲಿ ಸಿಗುವ ಚಿಪ್ಪು) ಆರಿಸುವ ಹೆಂಗಸರನ್ನು ಕೇಳಿದ್ರೆ ಬೇರೆಯದೇ ಹೇಳ್ತಾರೆ. ಬೇಸಿಗೆಯಲ್ಲಿ ಬೆಳಚು ಕೆಸರಲ್ಲಿ ಹುಗಿದು ಬಾಯಿ ಮುಚ್ಚಿ ಕೂತಿರ್ತದೆ, ಅದಕ್ಕೇನೂ ಆಗೂದಿಲ್ಲ. ಅದಕ್ಕೆ ಕಷ್ಟ ಬರೋದು ಜೂನ್ ಮೇಲೆ, ಘಟ್ಟದ ಸಿಹಿನೀರು ನುಗ್ಗಿದಾಗ. ಅಘನಾಶಿನಿಗೆ ದೊಡ್ಡ ಅಣೆಕಟ್ಟು ಇಲ್ಲ, ಹಾಗಾಗಿ ಎರಡೂ ನೀರು ತನ್ನ ಕಾಲಕ್ಕೆ ತಾನು ಬರ್ತದೆ. ಬೇಸಿಗೆಗೆ ಉಪ್ಪು ಮೇಲಕ್ಕೆ ಏರ್ತದೆ, ಮಳೆಗೆ ಇಳಿಯುತ್ತೆ. ನಮ್ಮ ಬಾವಿ ನೀರು ಉಪ್ಪಾಗಿ ನಾವು ಬೈಕೊಳ್ಳೋ ತಿಂಗಳಲ್ಲೇ ಬೆಳಚು ಚೆನ್ನಾಗಿ ಕೊಬ್ಬಿರ್ತದೆ.

ನಿವೃತ್ತ ಜೀವಶಾಸ್ತ್ರ
ತದಡಿ ಅಕ್ಕ ಹೇಳಿದ ಕೊನೆಯ ಮಾತು ಬಹಳ ಮುಖ್ಯ. ಅಳಿವೆಯ ಕೆಲವು ಚಿಪ್ಪುಜೀವಿಗಳಿಗೆ ಬೇಸಿಗೆಗಿಂತ ಮಳೆಗಾಲವೇ ಸಾವಿನ ಕಾಲ. ಉಪ್ಪು ಒಮ್ಮೆಲೇ ಇಳಿದರೆ ಬೆಳಚಿನ ಪಾತಿಗೆ ಪಾತಿಯೇ ಸಾಯುವುದುಂಟು. ನಾವು ಬೆವರುತ್ತೇವೆಂದು ಎಲ್ಲ ಪ್ರಾಣಿಯೂ ಬೇಸಿಗೆಯನ್ನೇ ಹೆದರುತ್ತದೆ ಎನ್ನುವಂತಿಲ್ಲ.

ಆ ದೊಡ್ಡ ಕೊಂಬಿನ ಬಗ್ಗೆ: ಅಮೆರಿಕದ ಒಂದು ಜಾತಿಯ ಮೇಲೆ ನಡೆದ ಪ್ರಯೋಗದಲ್ಲಿ ಕೊಂಬು ಇರುವ ಗಂಡು ಏಡಿ, ಕೊಂಬು ಕಳೆದುಕೊಂಡ ಗಂಡಿಗಿಂತ ತಂಪಾಗಿ ಉಳಿಯಿತು. ಕೊಂಬು ಕಾರಿನ ರೇಡಿಯೇಟರ್ ಮಾಡುವ ಕೆಲಸ ಮಾಡುತ್ತದೆ, ಮೈಯ ಶಾಖವನ್ನು ಅಲ್ಲಿಗೆ ತಂದು ಗಾಳಿಗೆ ಬಿಡುತ್ತದೆ. ಹೆಣ್ಣನ್ನು ಕರೆಯಲು ಬೆಳೆದ ಅಂಗ ಬಿಸಿಲಲ್ಲಿ ಹೆಚ್ಚು ಹೊತ್ತು ನಿಂತು ಕರೆಯಲೂ ನೆರವಾಗುತ್ತದೆ. ಕೆಲವು ಜಾತಿಗಳು ಬಿಸಿಯೇರಿದಾಗ ಮೈಬಣ್ಣವನ್ನೇ ಬಿಳುಚು ಮಾಡಿಕೊಳ್ಳುತ್ತವೆ. ಇದನ್ನು ಬರಿಗಣ್ಣಲ್ಲೇ ನೋಡಬಹುದು: ಬೆಳಿಗ್ಗೆ ಒಂದು ಫೋಟೋ, ಮಧ್ಯಾಹ್ನ ಒಂದು.

ಮಸ್ಕತ್ ಮಂಜಣ್ಣ
ಒಮಾನ್‌ನಿಂದ ಬರೀತಿದ್ದೇನೆ, ಊರು ಭಟ್ಕಳ. ಹಕ್ಕಿ ಏನು ಕುಡಿಯುತ್ತೆ ಅನ್ನೋದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ಕಡಲಕ್ಕಿ, ರೀವ ಇವಕ್ಕೆ ಕಣ್ಣಿನ ಮೇಲ್ಭಾಗದಲ್ಲಿ ಉಪ್ಪು ಸೋಸುವ ಗ್ರಂಥಿ ಇದೆ. ಉಪ್ಪುನೀರು ಕುಡಿದ ಮೇಲೆ ಹೆಚ್ಚಿನ ಉಪ್ಪು ಮೂಗಿನ ಹೊಳ್ಳೆಯಿಂದ ಹನಿಹನಿಯಾಗಿ ಹೊರಗೆ ಹೋಗುತ್ತೆ, ಅವು ತಲೆ ಕೊಡವುವುದು ಅದಕ್ಕೆ. ಮೀನು ತಿನ್ನುವವಕ್ಕೆ ಮೀನಿನ ಮೈಯಲ್ಲೇ ಬೇಕಾದಷ್ಟು ನೀರು ಸಿಗುತ್ತೆ. ಕಾಗೆ, ಗೊರವಂಕ, ಪಾರಿವಾಳಕ್ಕೆ ಮಾತ್ರ ಸಿಹಿನೀರೇ ಬೇಕು. ನೀವು ಮಡಕೆ ಇಡೋದು ಅವಕ್ಕೆ ಉಪಕಾರ, ನಿಲ್ಲಿಸಬೇಡಿ.

ಇನ್ನೊಂದು, ಟಿಟ್ಟಿಭ. ನಮ್ಮೂರಲ್ಲೂ ಇದೆ, ಇಲ್ಲೂ ಇದೆ. ನೆಲದ ಮೇಲೆ, ನೆರಳೇ ಇಲ್ಲದ ಕಡೆ ಮೊಟ್ಟೆ ಇಡುತ್ತೆ. ಬಿಸಿಲೇರಿದಾಗ ನೀರಿಗೆ ಹೋಗಿ ಹೊಟ್ಟೆಯ ಗರಿ ನೆನೆಸಿಕೊಂಡು ಬಂದು ಮೊಟ್ಟೆ ಮೇಲೆ ಕೂರುತ್ತೆ. ಕಾವು ಕೊಡಲು ಕೂತಿದೆ ಅಂತ ನಾವು ಅಂದುಕೊಂಡರೆ ಅದು ಮೊಟ್ಟೆಯನ್ನು ತಣಿಸಲು ಕೂತಿರುತ್ತೆ. ಅರಬ್ಬೀ ಸಮುದ್ರದ ಈ ಬದಿಯ ದ್ವೀಪಗಳಲ್ಲಿ ಏಡಿ ತಿನ್ನುವ ಕಪ್ಪು-ಬಿಳಿ ಹಕ್ಕಿಯೊಂದು ಇದಕ್ಕೆ ಪೂರಾ ಉಲ್ಟಾ: ಮರಳಲ್ಲಿ ಸುರಂಗ ತೋಡಿ ಅದರೊಳಗೆ ಮೊಟ್ಟೆ ಇಡುತ್ತೆ, ಸುರಂಗದ ಹದವಾದ ಶಾಖವೇ ಕಾವಿನ ಬಹುಪಾಲು ಕೆಲಸ ಮಾಡುತ್ತೆ, ತಂದೆತಾಯಿ ಮೇಯಲು ಹೋಗಬಹುದು.

ಬಯಲುಸೀಮೆ ಬಿಸಿಲು
ಟಿಟ್ಟಿಭ ನಮ್ಮ ಹೊಲದಾಗೂ ಐತ್ರಿ. ರಾತ್ರಿಯೆಲ್ಲ ಒದರತೈತಿ. ಹೊಟ್ಟಿ ತೋಯಿಸ್ಕೊಂಡ್ ಬರೂದು ಈಗ ಗೊತ್ತಾತು. ಕೃಷ್ಣಾ ನದಿ ದಂಡಿಗೆ ನೋಡ್ತೀನಿ. ಬಿಸಿಲು ಹೆಚ್ಚು ನಮ್ದ, ಆದ್ರ ತೇವದ ಲೆಕ್ಕ ಒಪ್ಪಿದೆ ಮೇಷ್ಟ್ರ.

ಪಣಂಬೂರು ಪಡುಗಾಳಿ
ಬಾವಲಿಯನ್ನು ಮರೀಬೇಡಿ ಮಾರಾಯ್ರೆ. ದೊಡ್ಡ ಹಣ್ಣುಬಾವಲಿಗಳು ಹಗಲಿಡೀ ಮರದಲ್ಲಿ ತೆರೆದೇ ನೇತಾಡಿಕೊಂಡಿರ್ತವೆ. ರೆಕ್ಕೆಯಿಂದ ಗಾಳಿ ಹಾಕಿಕೊಳ್ತವೆ, ಮೈಯನ್ನು, ರೆಕ್ಕೆಯನ್ನು ನೆಕ್ಕಿ ಒದ್ದೆ ಮಾಡಿಕೊಳ್ತವೆ, ಸಂಜೆ ಹೊಳೆ ಮೇಲೆ ಹಾರುವಾಗ ಎದೆ ಮುಳುಗಿಸಿ ಆಮೇಲೆ ಆ ನೀರು ನೆಕ್ತವೆ. ಮೇಷ್ಟ್ರು ಹೇಳಿದ ಒದ್ದೆ ಬಟ್ಟೆ ಲೆಕ್ಕ ಇಲ್ಲಿ ಕಷ್ಟ ಕೊಡ್ತದೆ, ತೇವ ಹೆಚ್ಚಿದ್ರೆ ನೆಕ್ಕಿದ್ದೂ ಅಷ್ಟು ಬೇಗ ಆರುದಿಲ್ಲ. ಅವಕ್ಕೆ ನಿಜವಾಗಿ ಬೇಕಾದ್ದು ಗಾಳಿಯಾಡುವ, ದೊಡ್ಡ ಹರಡಿದ ಹಳೇ ಮರ. ಹೆದ್ದಾರಿ 66 ಅಗಲ ಮಾಡುವಾಗ ಹೋದ ಅಶ್ವತ್ಥ, ಗೋಳಿಮರಗಳ ಜಾಗದಲ್ಲಿ ಈಗ ಡಿವೈಡರಿನ ಕಣಗಿಲೆ ಉಂಟು. ಬಾವಲಿ ಕಣಗಿಲೆಯಲ್ಲಿ ನೇತಾಡ್ಲಿಕ್ಕಾಗ್ತದಾ?

ಹೊಯ್ಗೆಕಾಲು
ಒಂದು ಕೇಳುವುದು ಉಳಿದಿದೆ. ಕಡಲಾಮೆ. ತಾಯಿ ಮೊಟ್ಟೆ ಇಟ್ಟು ಹೋಗಿಬಿಡುತ್ತದೆ. ಆ ಮೊಟ್ಟೆ ಕಾದ ಮರಳಲ್ಲಿ ಬೇಯುವುದಿಲ್ಲವೇ? ನಮ್ಮ ಕಿನಾರೆಯಲ್ಲಿ ಗೂಡುಗಳಿಗೆ ಹಸಿರು ನೆಟ್ ಕಟ್ಟಿ ನೆರಳು ಮಾಡಿದ್ದು ನೋಡಿದೆ. ಅದು ಬಿಸಿಲಿಗೋ ನಾಯಿಗೋ?

ಆಮೆಗೂಡು ಸ್ವಯಂಸೇವಕಿ
ಎರಡಕ್ಕೂ. ಸುತ್ತಲಿನ ಬೇಲಿ ನಾಯಿ, ನರಿಗೆ, ಮೇಲಿನ ನೆಟ್ ಬಿಸಿಲಿಗೆ.

ನಮ್ಮಲ್ಲಿ ಬರುವುದು ಹೆಚ್ಚಾಗಿ ಆಲಿವ್ ರಿಡ್ಲಿ. ಒಂದು ಗೂಡಲ್ಲಿ ನೂರರ ಮೇಲೆ ಮೊಟ್ಟೆ, ಮೊಣಕೈ ಆಳದಲ್ಲಿ, ಒಡೆಯಲಿಕ್ಕೆ 45ರಿಂದ 60 ದಿನ. ಮರಳು ಬೆಚ್ಚಗಿದ್ದರೆ ಬೇಗ. ಆ ಆಳದಲ್ಲಿ ಹಗಲಿನ ಸುಡುಬಿಸಿಲು ನೇರ ತಾಗುವುದಿಲ್ಲ. ಆದರೆ ಸರಾಸರಿ ಶಾಖ ಮುಖ್ಯ. 29ರಿಂದ 31ರ ನಡುವೆ ಎಲ್ಲೋ ಒಂದು ಗೆರೆ. ಅದಕ್ಕಿಂತ ತಂಪಾದರೆ ಗಂಡು ಹೆಚ್ಚು, ಬಿಸಿಯಾದರೆ ಹೆಣ್ಣು ಹೆಚ್ಚು. ಕಾವಿನ ಅವಧಿಯ ನಡುವಿನ ಮೂರನೇ ಒಂದು ಭಾಗದಲ್ಲಿ ಇದು ತೀರ್ಮಾನವಾಗುತ್ತದೆ. ದಿನಗಟ್ಟಲೆ 34-35 ದಾಟಿ ನಿಂತರೆ ಭ್ರೂಣವೇ ಸಾಯಲು ಶುರು. ಜನವರಿಯಲ್ಲಿ ಇಟ್ಟ ಮೊಟ್ಟೆಗೆ ಚಿಂತೆ ಇಲ್ಲ. ಮಾರ್ಚ್ ಕೊನೆಗೆ ಇಟ್ಟದ್ದು ಏಪ್ರಿಲ್-ಮೇ ಪೂರ್ತಿ ಮರಳಲ್ಲಿರುತ್ತದೆ. ನೆಟ್ ಬೇಕಾಗುವುದು ಅದಕ್ಕೆ.

ಮರಿಗಳ ಜಾಣತನ ನೋಡಬೇಕು. ಒಡೆದು ಹೊರಬಂದವು ಒಟ್ಟಾಗಿ ಮೇಲಕ್ಕೆ ತೋಡುತ್ತಾ ಬರುತ್ತವೆ, ಮೇಲಿನ ಮರಳು ಬಿಸಿ ಇದ್ದರೆ ಅಲ್ಲೇ ಅಲುಗದೆ ನಿಲ್ಲುತ್ತವೆ. ರಾತ್ರಿ ಮರಳು ತಣಿದ ಮೇಲೆ ಒಮ್ಮೆಲೇ ಹೊರಗೆ.

ಕಾಸರಕೋಡು ಗಾಳಿಮರ
ನೆಟ್ ವಿಷಯದಲ್ಲಿ ನನ್ನ ತಕರಾರು ಇದೆ. ಪ್ರೀತಿಯಿಂದಲೇ ಹೇಳುವುದು. ಗೂಡನ್ನು ಇದ್ದಲ್ಲೇ ಬಿಡಬಹುದಾದಾಗಲೂ ಎತ್ತಿ ಒಂದೇ ಬೇಲಿಯೊಳಗೆ ಸಾಲಾಗಿ ಹುಗಿದು, ಎಲ್ಲದಕ್ಕೂ ಒಂದೇ ನೆರಳು ಹಾಕಿದರೆ ಎಲ್ಲ ಗೂಡಿಗೂ ಒಂದೇ ಶಾಖ. ಪ್ರಕೃತಿಯಲ್ಲಿ ಒಂದು ಗೂಡು ಅಡುಂಬು ಬಳ್ಳಿಯ ಬುಡದಲ್ಲಿ, ಒಂದು ಬಯಲು ಮರಳಲ್ಲಿ, ಒಂದು ಅಲೆಯ ಹತ್ತಿರ. ಒಂದರಲ್ಲಿ ಗಂಡು, ಒಂದರಲ್ಲಿ ಹೆಣ್ಣು, ಒಟ್ಟಿಗೆ ಸರಿಹೋಗುತ್ತದೆ. ನೆರಳು ಹೆಚ್ಚಾಗಿ ಎಲ್ಲವೂ ಗಂಡಾದರೆ? ಮೊಟ್ಟೆ ಎತ್ತುವುದೂ ಮೊದಲ ಕೆಲವು ಗಂಟೆಯೊಳಗೇ ಆಗಬೇಕು. ಆಮೇಲೆ ಭ್ರೂಣ ಚಿಪ್ಪಿನ ಒಳಗೋಡೆಗೆ ಅಂಟಿಕೊಂಡಿರುತ್ತದೆ, ಮೊಟ್ಟೆ ತಿರುಗಿದರೆ ಮುಗಿಯಿತು.

ಆಮೆಗೂಡು ಸ್ವಯಂಸೇವಕಿ
ಒಪ್ಪುತ್ತೇನೆ, ಅರ್ಧ. ಇದ್ದಲ್ಲೇ ಬಿಡುವುದು ಉತ್ತಮ ಎಂದು ಎಲ್ಲ ತರಬೇತಿಯಲ್ಲೂ ಹೇಳುತ್ತಾರೆ. ಆದರೆ "ಇದ್ದಲ್ಲಿ" ಎಂಬ ಜಾಗ ಉಳಿದಿದೆಯೇ ಹೇಳಿ. ಕಡಲ್ಕೊರೆತಕ್ಕೆ ಕಲ್ಲಿನ ತಡೆಗೋಡೆ ಹಾಕಿದ ಕಡೆ ಆಮೆ ಮೇಲೇರಿ ಬರಲಾಗದೆ ಗೋಡೆಯ ಬುಡದಲ್ಲೇ ಮೊಟ್ಟೆ ಇಟ್ಟು ಹೋಗುತ್ತದೆ. ಮುಂದಿನ ಹುಣ್ಣಿಮೆ ಭರತಕ್ಕೆ ಅದು ನೀರಿನಡಿ. ಅಲ್ಲಿಂದ ಎತ್ತದೆ ಬೇರೆ ದಾರಿ ಇಲ್ಲ. ಎತ್ತಿದ ಮೇಲೆ ಎಲ್ಲಿ ಹುಗಿಯಬೇಕು, ಎಷ್ಟು ನೆರಳು ಕೊಡಬೇಕು ಎಂಬುದಕ್ಕೆ ಮರಳಲ್ಲಿ ಥರ್ಮಾಮೀಟರ್ ಇಟ್ಟು ನೋಡುವುದೊಂದೇ ದಾರಿ. ನಾವು ಕೆಲವು ಗೂಡಿಗೆ ಮಾತ್ರ ನೆಟ್ ಹಾಕಿ, ಕೆಲವನ್ನು ಬಿಸಿಲಿಗೇ ಬಿಡುತ್ತೇವೆ.

ನಿವೃತ್ತ ಜೀವಶಾಸ್ತ್ರ
ಗಂಡು ಹೆಚ್ಚಾದೀತು ಎಂಬ ಹೆದರಿಕೆಗಿಂತ ಹೆಣ್ಣು ಹೆಚ್ಚಾದೀತು ಎಂಬುದೇ ಇವತ್ತಿನ ದೊಡ್ಡ ಚಿಂತೆ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫಿನ ಉತ್ತರ ಭಾಗದ ಹಸಿರು ಕಡಲಾಮೆಗಳಲ್ಲಿ, ಇನ್ನೂ ಪ್ರಾಯಕ್ಕೆ ಬಾರದವುಗಳ ಪೈಕಿ 99% ಹೆಣ್ಣು ಎಂದು 2018ರಲ್ಲಿ ಪ್ರಕಟವಾಯಿತು. ನಮ್ಮ ಗೂಡುಗಳು ಚದುರಿದಂತೆ, ಹಲವು ತಿಂಗಳ ಅವಧಿಯಲ್ಲಿ ಆಗುವುದರಿಂದ ಅಷ್ಟು ಏಕಮುಖವಾಗಲಿಕ್ಕಿಲ್ಲ ಎಂಬುದು ನನ್ನ ಅಂದಾಜು. ಆದ್ದರಿಂದಲೇ ಡಿಸೆಂಬರ್-ಜನವರಿಯ ಮೊದಲ ಗೂಡುಗಳನ್ನು ವಿಶೇಷವಾಗಿ ಕಾಯಬೇಕು. ಗಂಡು ಬರುವುದು ಬಹುಶಃ ಅವುಗಳಿಂದ.

ಗಾಳಿಮರ ಹೆಸರಿನವರಿಗೆ ಒಂದು ಕಿಚಾಯಿಕೆ: ಕಿನಾರೆಯ ಗಾಳಿಮರದ ತೋಪೂ ಮರಳನ್ನು ತಂಪು ಮಾಡುತ್ತದೆ, ಆದರೆ ಅದರ ಬೇರು ಗೂಡು ತೋಡಲು ಬಿಡುವುದಿಲ್ಲ. ಅಡುಂಬು ಬಳ್ಳಿಯೇ ಲೇಸು.

ಕಾಸರಕೋಡು ಗಾಳಿಮರ
ಹೆಸರು ಬದಲಾಯಿಸುವುದಿಲ್ಲ ಮೇಷ್ಟ್ರೇ! ಆದರೆ ನನ್ನ ವಾದಕ್ಕೆ ನೀವೇ ಬಲ ಕೊಟ್ಟಿರಿ. ಬೇರೆ ಬೇರೆ ಜಾಗ, ಬೇರೆ ಬೇರೆ ತಿಂಗಳು ಉಳಿಯಬೇಕು.

ಪಣಂಬೂರು ಪಡುಗಾಳಿ
ಇಷ್ಟು ಓದಿದ ಮೇಲೆ ನನಗನಿಸಿದ್ದು: ಏಡಿಗೆ ಒದ್ದೆ ಮರಳು, ಆಮೆಗೆ ಎತ್ತರದ ದಿಬ್ಬ, ಬಾವಲಿಗೆ ಮರ, ಮರಿಗಳಿಗೆ ಕತ್ತಲು. ಬಿಸಿಲನ್ನು ತಡೆಯುವ ಉಪಾಯ ಇವಕ್ಕೆಲ್ಲ ಗೊತ್ತುಂಟು, ಅದಕ್ಕೆ ಬೇಕಾದ ಜಾಗಕ್ಕೆ ನಾವು ಕಲ್ಲು ಹಾಕಿದ್ದೇವೆ, ದೀಪ ಹಾಕಿದ್ದೇವೆ. ಮರಿ ಆಮೆಗಳು ಬೆಳಕಿರುವ ದಿಕ್ಕಿಗೆ ಹೋಗುವುದು. ಕಡಲಿಗಿಂತ ರೆಸಾರ್ಟ್ ಹೆಚ್ಚು ಬೆಳಗಿದ್ರೆ ಅತ್ತ ಹೋಗ್ತವೆ, ಬೆಳಿಗ್ಗೆ ಬಿಸಿಲಿಗೆ ಸಿಕ್ಕಿ ಸಾಯ್ತವೆ. ಅದನ್ನು ಸೆಖೆಯ ಲೆಕ್ಕಕ್ಕೆ ಹಾಕುವುದಾ?

ಗಂಗೊಳ್ಳಿ ಬೋಟು
ಗ್ವಾಡಿ ಹಾಕದಿದ್ರೆ ನಮ್ಮ್ ಮನೆ ಕಡ್ಲಿಗೆ ಹೋತ್ ಅಕ್ಕ. ಅದನ್ನೂ ಕಾಣ್ಕಲ್ದಾ. ಗ್ವಾಡಿ ಬ್ಯಾಡ ಅಂಬುದ್ ಸುಲಭ. ದೀಪದ್ ಮಾತ್ ಒಪ್ಪಿದೆ, ಆಮೆ ಬಪ್ಪು ತಿಂಗ್ಳಲ್ಲಿ ಬಂದ್ ಮಾಡುಕೆ ಯಾರಿಗೂ ನಷ್ಟ ಇಲ್ಲ.

ಪಣಂಬೂರು ಪಡುಗಾಳಿ
ಅಣ್ಣ, ಮನೆ ಇರುವಲ್ಲಿ ಗೋಡೆ ಬೇಡ ಅಂತ ನಾನು ಹೇಳುದಿಲ್ಲ. ಮನೆಯೇ ಇಲ್ಲದ ಕಡೆ ಮೈಲಿಗಟ್ಟಲೆ ಹಾಕಿದ್ದು ಉಂಟಲ್ಲ, ನನ್ನ ಮಾತು ಅದರದ್ದು.

ಗಂಗೊಳ್ಳಿ ಬೋಟು
ಅದ್ ಹೌದ್.

ವೇದಿಕೆ ನಿರ್ವಾಹಕ
ಚರ್ಚೆ ಚೆನ್ನಾಗಿದೆ, ಮುಂದುವರಿಸಿ. ಒಂದೇ ವಿನಂತಿ: ಆಮೆಗೂಡು ಇರುವ ನಿಖರ ಜಾಗ, ಮ್ಯಾಪಿನ ಲಿಂಕ್ ಹಾಕಬೇಡಿ. ಆಲಿವ್ ರಿಡ್ಲಿ ವನ್ಯಜೀವಿ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿದೆ. ಗೂಡು ಕಂಡರೆ ಅರಣ್ಯ ಇಲಾಖೆಗೆ ತಿಳಿಸಿ. ಲಿಂಕ್ ಇದ್ದ ಎರಡು ಪೋಸ್ಟ್ ತೆಗೆದಿದ್ದೇನೆ.

ಮಸ್ಕತ್ ಮಂಜಣ್ಣ
ನೀರಿನೊಳಗೂ ಓಡಲಾಗದವರಿದ್ದಾರೆ. ನಮ್ಮ ಮುರ್ಡೇಶ್ವರದ ಎದುರಿನ ನೇತ್ರಾಣಿಯಲ್ಲಿ ಹವಳ ಇದೆ. ನೀರು ವಾಡಿಕೆಯ ಗರಿಷ್ಠಕ್ಕಿಂತ ಒಂದು ಡಿಗ್ರಿ ಹೆಚ್ಚಿ ಕೆಲವು ವಾರ ನಿಂತರೆ ಸಾಕು, ಹವಳ ತನ್ನೊಳಗಿನ ಪಾಚಿಯನ್ನು ಹೊರಹಾಕಿ ಬಿಳುಚುತ್ತದೆ. 2024ರ ಬೇಸಿಗೆಯಲ್ಲಿ ಲಕ್ಷದ್ವೀಪದಲ್ಲಿ ಹಾಗಾಯಿತು. ಮೀನು ಆಳಕ್ಕೆ ಹೋಗಬಹುದು, ಹವಳ ಎಲ್ಲಿಗೆ ಹೋಗಬೇಕು?

ನಿವೃತ್ತ ಜೀವಶಾಸ್ತ್ರ
ಹೌದು, ಅಲ್ಲಿ ಹೊತ್ತು-ಜಾಗದ ವಿದ್ಯೆ ನಡೆಯುವುದಿಲ್ಲ. ಬಿಳುಚಿದ ತಕ್ಷಣ ಸತ್ತಂತಲ್ಲ, ನೀರು ಬೇಗ ತಣಿದರೆ ಪಾಚಿ ಮರಳಬಹುದು. ಆದ್ದರಿಂದ ಮುಂಗಾರು ಹೊತ್ತಿಗೆ ಸರಿಯಾಗಿ ಬರುವುದು ಹವಳಕ್ಕೆ ಬಹಳ ಮುಖ್ಯ.

ಮುಂಗಾರು ಕಾಯುವ ಇನ್ನೊಬ್ಬರಿದ್ದಾರೆ, ಯಾರೂ ಹೇಳಲಿಲ್ಲ: ಕಡಲ ಹಾವು. ಹಳದಿ ಹೊಟ್ಟೆಯ ಕಡಲ ಹಾವು ಜೀವನವಿಡೀ ಉಪ್ಪುನೀರಲ್ಲಿದ್ದರೂ ಅದನ್ನು ಕುಡಿದು ಬಾಯಾರಿಕೆ ನೀಗಿಸಿಕೊಳ್ಳುವುದಿಲ್ಲ. ಕೋಸ್ಟರಿಕಾದಲ್ಲಿ ಒಣ ತಿಂಗಳುಗಳ ಕೊನೆಗೆ ಹಿಡಿದ ಹಾವುಗಳಿಗೆ ಸಿಹಿನೀರು ಕೊಟ್ಟಾಗ ಕುಡಿದವು. ದೊಡ್ಡ ಮಳೆ ಬಿದ್ದಾಗ ಸಮುದ್ರದ ಮೇಲೆ ಸ್ವಲ್ಪ ಹೊತ್ತು ತೇಲುವ ಸಿಹಿನೀರಿನ ಪದರವೇ ಅವಕ್ಕೆ ಆಸರೆ. ಈ ಜಾತಿ ನಮ್ಮ ಸಮುದ್ರದಲ್ಲೂ ಇದೆ.

ಹೊಯ್ಗೆಕಾಲು
ಇಷ್ಟೆಲ್ಲ ಸಿಗುತ್ತದೆಂದು ಅಂದುಕೊಂಡಿರಲಿಲ್ಲ. ಈ ಶನಿವಾರ ಊರಿಗೆ ಬರುತ್ತಿದ್ದೇನೆ, ಅಕ್ಕನ ಮಕ್ಕಳೂ ಇದ್ದಾರೆ. ಕೊಂಬಿನ ಏಡಿ, ಮಡ್‌ಸ್ಕಿಪ್ಪರ್ ತೋರಿಸಬೇಕು. ಯಾವ ಹೊತ್ತಿಗೆ, ಎಲ್ಲಿಗೆ ಹೋಗುವುದು?

ತದಡಿ ಹೊಳೆಬದಿ
ಹೊನ್ನಾವರದ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವೆ ಮರದ ಕಾಲುದಾರಿ ಇದೆ, ಮಕ್ಕಳಿಗೆ ಅದೇ ಸುಲಭ, ಕೆಸರಿಗೆ ಇಳಿಯೋದು ಬೇಡ. ಇಳಿತ ನೋಡಿ ಹೋಗಿ, ಭರತದಲ್ಲಿ ಹೋದ್ರೆ ನೀರು ಬಿಟ್ಟು ಏನೂ ಕಾಣೂದಿಲ್ಲ. ಹೋದಮೇಲೆ ಅಲ್ಲಾಡದೆ ಸ್ವಲ್ಪ ಹೊತ್ತು ನಿಲ್ಲಿ, ಏಡಿ ಹೊರಗೆ ಬರ್ತಾವೆ. ಉಪ್ಪಟ್ಟಿ ಗಿಡದ ಎಲೆ ಮುಟ್ಟಿ ನಾಲಿಗೆಗೆ ಹಚ್ಚಲು ಹೇಳಿ, ಗಿಡ ಹೊರಗೆ ಹಾಕಿದ ಉಪ್ಪು ಸಿಗ್ತದೆ. ಮಕ್ಕಳಿಗೆ ಖುಷಿ.

ಗಂಗೊಳ್ಳಿ ಬೋಟು
ಶನಿವಾರ ಅಷ್ಟಮಿ ಬದಿ ಆತ್, ಇಳಿತ ಮಧ್ಯಾಹ್ನವೇ. ಟೊಪ್ಪಿ, ಕುಡುಕೆ ನೀರ್ ತಕಂಡ್ ಹೋಯ್ನಿ. ಏಡಿ ಬಿಲಕ್ಕೆ ಹೋಪುದ್ ಕಂಡ್ರೆ ನೀವೂ ಗಾಡಿಗೆ ಹೋಯ್ನಿ.